ಗಡ್ಡೆ ಕಂಡಾಯಿತಲ್ಲ, ಮತ್ತೊಂದು ಎಂಆರ್‌ಐ ಯಾಕೆ?

ಪ್ರಶ್ನೆ: ನಮ್ಮದು ಕಾಪು. ಅಮ್ಮನಿಗೆ 58 ವರ್ಷ. ಶುಗರ್ ಇದೆ. ಎರಡು ವರ್ಷದ ಹಿಂದೆ ಎಡ ಮೊಣಕಾಲಿನ ಕೀಲು ಬದಲಿಸುವ ಆಪರೇಷನ್ ಆಗಿದೆ. ನಾಲ್ಕೈದು ತಿಂಗಳಿಂದ ಬಲಗಾಲು ಭಾರ ಅನ್ನುತ್ತಿದ್ದರು. ಆಪರೇಷನ್ ಆದ ಮೇಲೆ ಈ ಕಾಲಿಗೇ ಜಾಸ್ತಿ ಭಾರ ಬೀಳುತ್ತಿದೆ, ಅದಕ್ಕೇ ಹೀಗೆ ಎಂದುಕೊಂಡೆವು. ಹೋದ ತಿಂಗಳು ಒಂದು ದಿನ ಆ ಕಾಲು ತನ್ನಷ್ಟಕ್ಕೆ ಒಂದು ನಿಮಿಷ ಅದುರಿತು. ಮಂಗಳೂರಿನಲ್ಲಿ ಸಿಟಿ, ಆಮೇಲೆ ಇಂಜೆಕ್ಷನ್ ಕೊಟ್ಟು ಎಂಆರ್‌ಐ ಮಾಡಿಸಿದೆವು. ಮಿದುಳಿನ ಎಡಬದಿಯಲ್ಲಿ 3.4 ಸೆಂ.ಮೀ. ಪ್ಯಾರಾಸಜಿಟಲ್ ಮೆನಿಂಜಿಯೋಮಾ, ಸುತ್ತ ಸ್ವಲ್ಪ ಊತ, ಸುಪೀರಿಯರ್ ಸಜಿಟಲ್ ಸೈನಸ್‌ನ ಮಧ್ಯಭಾಗಕ್ಕೆ ತಾಗಿದೆ, ಒಳಗೆ ಹೊಕ್ಕಿರಬಹುದು ಎಂದು ರಿಪೋರ್ಟ್. ಈಗ ಸರ್ಜನ್ ಎಂಆರ್ ವೆನೋಗ್ರಾಮ್ ಬೇಕು ಅನ್ನುತ್ತಾರೆ. ಗಡ್ಡೆ ಕಂಡಾಯಿತಲ್ಲ, ಮತ್ತೆ ಯಾಕೆ? ದುಡ್ಡಿಗಾಗಿಯಾ? ಮತ್ತೆ ಮತ್ತೆ ವಿಕಿರಣ ತಗಲುವುದಿಲ್ವಾ? ಕ್ರಿಯಾಟಿನಿನ್ 1.3 ಇದೆ, ಇಂಜೆಕ್ಷನ್‌ನಿಂದ ಕಿಡ್ನಿ ಹಾಳಾಗುತ್ತಾ? ಸೈನಸ್ ಎಂದು ಬರೆದಿದ್ದಕ್ಕೆ ದೊಡ್ಡಮ್ಮ ದಿನಾ ಆವಿ ಹಿಡಿಸುತ್ತಿದ್ದಾರೆ. ತಲೆ ತೆರೆದರೆ ಹಾಸಿಗೆ ಹಿಡಿಯುವುದು ಗ್ಯಾರಂಟಿ, ಗಾಮಾ ನೈಫ್ ಮಾಡಿಸಿ ಅನ್ನುವವರೂ ಇದ್ದಾರೆ. ಯಾರ ಮಾತು ಕೇಳಬೇಕು?

ಉತ್ತರ: ಆವಿ ಹಿಡಿಸುವುದನ್ನು ಇವತ್ತೇ ನಿಲ್ಲಿಸಿ. ಅದರಿಂದ ಹಾನಿ ಇಲ್ಲ, ಆದರೆ ಫಿಟ್ಸ್ ಬಂದವರನ್ನು ಕುದಿಯುವ ನೀರಿನ ಪಾತ್ರೆಯ ಮುಂದೆ ಬಗ್ಗಿಸಿ ಕೂರಿಸುವುದು ಬೇಡ. ಹೌದು, ಆ ಒಂದು ನಿಮಿಷದ ಅದುರುವಿಕೆ ಫಿಟ್ಸೇ ಇರಬೇಕು. ಬಾಯಲ್ಲಿ ನೊರೆ ಬಂದು ಬಿದ್ದರೆ ಮಾತ್ರ ಫಿಟ್ಸ್ ಎಂದೇನಿಲ್ಲ.

ರಿಪೋರ್ಟಿನಲ್ಲಿರುವ ಸೈನಸ್‌ಗೂ ಶೀತದ ಸೈನಸ್‌ಗೂ ಸಂಬಂಧವಿಲ್ಲ. ಶೀತದ ಸೈನಸ್ ಮೂಗಿನ ಅಕ್ಕಪಕ್ಕದ ಗಾಳಿಯ ಪೊಳ್ಳು. ನಿಮ್ಮ ಅಮ್ಮನ ರಿಪೋರ್ಟಿನ ಸೈನಸ್ ರಕ್ತ ಹರಿಯುವ ಕಾಲುವೆ. ತಲೆಬುರುಡೆಯ ಒಳಗೆ ಮಿದುಳಿಗೆ ಹೊದಿಸಿದ ದಪ್ಪ ಪೊರೆಯೊಂದಿದೆ. ಅದರ ಎರಡು ಪದರಗಳ ನಡುವೆ, ಬೈತಲೆ ತೆಗೆಯುವ ಗೆರೆಯ ಕೆಳಗೇ, ಹಣೆಯಿಂದ ಹಿಂದಲೆಯವರೆಗೆ ಈ ಕಾಲುವೆ ಸಾಗುತ್ತದೆ. ಹೆಸರು ಒಂದೇ ಆದ್ದರಿಂದ ಈ ಗೊಂದಲ ನಾನು ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವ ಕೋಣೆಯಲ್ಲಿ ವಾರಕ್ಕೊಮ್ಮೆಯಾದರೂ ಆಗುತ್ತದೆ. ಹೆಸರಿಟ್ಟವರ ತಪ್ಪು, ದೊಡ್ಡಮ್ಮನದ್ದಲ್ಲ.

ಈ ಕಾಲುವೆ ಅರ್ಥವಾದರೆ ಎರಡನೇ ಸ್ಕ್ಯಾನ್ ಯಾಕೆ ಅನ್ನುವುದೂ ಅರ್ಥವಾಗುತ್ತದೆ. ಮಿದುಳಿಗೆ ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರ್ ರಕ್ತ ಹೋಗುತ್ತದೆ. ಹೋದದ್ದೆಲ್ಲ ಹಿಂದೆ ಬರಲೇಬೇಕು. ಹಿಂದೆ ತರುವ ನಾಳಗಳಿಗೆ ವೇನ್ ಅನ್ನುತ್ತೇವೆ. ಪುಸ್ತಕದಲ್ಲಿ ಅಭಿಧಮನಿ ಎಂದಿರುತ್ತದೆ. ಮಿದುಳಿನ ಮೇಲ್ಮೈಯ ಸಣ್ಣ ಸಣ್ಣ ವೇನ್‌ಗಳು ಹಳ್ಳ ತೋಡುಗಳ ಹಾಗೆ ಬಂದು ಈ ನಡುಗಾಲುವೆಗೆ ಸೇರುತ್ತವೆ. ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಬಂದು ನೇತ್ರಾವತಿಗೆ ಸೇರುವುದನ್ನು ನೋಡಿದ್ದೀರಲ್ಲ, ಹಾಗೆ. ಸಂಗಮದಿಂದ ಕೆಳಗೆ ನದಿ ಕಟ್ಟಿಕೊಂಡರೆ ನೀರು ಸುಮ್ಮನೆ ನಿಲ್ಲುವುದಿಲ್ಲ, ಮೇಲಿನ ತೋಟಗಳಿಗೆ ನುಗ್ಗುತ್ತದೆ. ಮಿದುಳಿನಲ್ಲೂ ಅದೇ ಕಥೆ. ವೇನ್ ಕಟ್ಟಿದರೆ ಅದರ ಹಿಂದಿನ ಮಿದುಳು ಊದಿಕೊಳ್ಳುತ್ತದೆ, ಕೆಲವೊಮ್ಮೆ ಅಲ್ಲೇ ರಕ್ತಸ್ರಾವ ಆಗುತ್ತದೆ.

ಗಡ್ಡೆ ಆಪರೇಷನ್ ಆದವರು ಹಾಸಿಗೆ ಹಿಡಿದರು ಎಂದು ಊರಲ್ಲಿ ಕೇಳುವ ಕಥೆಗಳಲ್ಲಿ ಕೆಲವು ನಿಜವೇ. ಆದರೆ ಈ ಜಾಗದ ಗಡ್ಡೆಗಳಲ್ಲಿ ಹಾಗಾಗಲು ಒಂದು ದೊಡ್ಡ ಕಾರಣ ಗಡ್ಡೆಯಲ್ಲ, ಪಕ್ಕದ ವೇನ್‌ಗೆ ಆದ ಪೆಟ್ಟು. ಸರ್ಜನ್ ಭಯಪಡುವುದು ಅದಕ್ಕೇ. ಮೊದಲ ಎಂಆರ್‌ಐ ಗಡ್ಡೆ ತೋರಿಸಿತು. ಈಗ ಅವರು ಕೇಳುತ್ತಿರುವುದು ಅದರ ಸುತ್ತಲಿನ ನೀರಿನ ದಾರಿಗಳ, ಅಂದರೆ ವೇನ್‌ಗಳ ನಕ್ಷೆ. ಅದೇ ವೆನೋಗ್ರಾಮ್.

ಗಡ್ಡೆಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಮೆನಿಂಜಿಯೋಮಾ ಮಿದುಳಿನದ್ದಲ್ಲ, ಮಿದುಳಿನ ಹೊದಿಕೆಯಿಂದ ಬೆಳೆಯುವ ಗಡ್ಡೆ. ಪ್ಯಾರಾಸಜಿಟಲ್ ಅಂದರೆ ತಲೆಯ ನಡುಗೆರೆಯ ಪಕ್ಕದ್ದು. 1922ರಲ್ಲಿ ಈ ಹೆಸರಿಟ್ಟವರು ಅಮೆರಿಕದ ಸರ್ಜನ್ ಹಾರ್ವೆ ಕುಶಿಂಗ್. ಹೆಂಗಸರಲ್ಲಿ ಜಾಸ್ತಿ. ಹತ್ತರಲ್ಲಿ ಸುಮಾರು ಎಂಟು ಮೊದಲ ದರ್ಜೆಯವು, ಅಂದರೆ ನಿಧಾನವಾಗಿ ಬೆಳೆಯುವಂಥವು, ಕ್ಯಾನ್ಸರ್ ಅಲ್ಲ. ದರ್ಜೆಯನ್ನು ಖಚಿತವಾಗಿ ಹೇಳುವುದು ತೆಗೆದ ತುಂಡನ್ನು ನೋಡುವ ಪೆಥಾಲಜಿಸ್ಟ್. ಸ್ಕ್ಯಾನ್ ಅಂದಾಜು ಮಾತ್ರ ಕೊಡುತ್ತದೆ. ಕಾಲಿನ ಸ್ನಾಯುಗಳನ್ನು ಆಡಿಸುವ ಮಿದುಳಿನ ಭಾಗ ನೆತ್ತಿಯ ನಡುಗೆರೆಗೆ ಅಂಟಿಕೊಂಡೇ ಇದೆ. ಎಡ ಮಿದುಳು ಬಲಗಾಲನ್ನು ಆಡಿಸುತ್ತದೆ. ಹಾಗಾಗಿ ಎಡಬದಿಯ ಗಡ್ಡೆ ಬಲಗಾಲಿನಲ್ಲಿ ತನ್ನ ಇರವು ತೋರಿಸಿತು. ಮೊಣಕಾಲಿನ ಮೇಲೆ ತಪ್ಪು ಹೊರಿಸಿದವರು ನೀವು ಮೊದಲಿಗರಲ್ಲ. ಮೊಬೈಲ್‌ನಿಂದ ಬಂತು, ಕತ್ತಿ ತಾಗಿದರೆ ಹರಡುತ್ತದೆ ಅನ್ನುವ ಮಾತುಗಳೂ ನಿಮ್ಮ ಕಿವಿಗೆ ಬಿದ್ದಿರುತ್ತವೆ. ಎರಡನ್ನೂ ಬಿಟ್ಟುಬಿಡಿ.

ಇನ್ನು ಎಂಆರ್‌ಐಯಲ್ಲಿ ವೇನ್ ಹೇಗೆ ಕಾಣುತ್ತದೆ? ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೂರ್ನಾಲ್ಕು ದಾರಿಗಳಿವೆ. ಮೊದಲನೆಯದು ಟೈಮ್ ಆಫ್ ಫ್ಲೈಟ್. ಇಂಜೆಕ್ಷನ್ ಬೇಡ. ಮೆಷಿನ್ ಒಂದು ತೆಳು ಪದರವನ್ನು ಆರಿಸಿ ಅದಕ್ಕೆ ರೇಡಿಯೋ ಅಲೆಗಳನ್ನು ಮೇಲಿಂದ ಮೇಲೆ ಹೊಡೆಯುತ್ತದೆ. ಅಲ್ಲೇ ಇರುವ ಮಿದುಳಿನ ಭಾಗ ಹೊಡೆತ ತಿಂದು ತಿಂದು ದಣಿಯುತ್ತದೆ, ಮಂಕಾಗುತ್ತದೆ. ಹೊರಗಿನಿಂದ ಆ ಪದರಕ್ಕೆ ಹೊಸದಾಗಿ ಹರಿದು ಬರುವ ರಕ್ತ ಹೊಡೆತ ತಿಂದಿರುವುದಿಲ್ಲ, ಅದು ಬೆಳ್ಳಗೆ ಹೊಳೆಯುತ್ತದೆ. ಜಾಣ ಉಪಾಯ. ಆದರೆ ಇದರಲ್ಲೊಂದು ಮೋಸ ಇದೆ. ರಕ್ತ ತೀರಾ ನಿಧಾನವಾಗಿ ಹರಿದರೆ ಅದೂ ಹೊಡೆತ ತಿಂದು ಮಂಕಾಗುತ್ತದೆ. ರಕ್ತ ಆ ಪದರದ ಉದ್ದಕ್ಕೇ ಸಾಗಿದರೂ ಅಷ್ಟೇ. ಆಗ ಚಿತ್ರದಲ್ಲಿ ವೇನ್ ತುಂಡಾದ ಹಾಗೆ ಕಾಣುತ್ತದೆ. ಮೇ ತಿಂಗಳಲ್ಲಿ ನೇತ್ರಾವತಿಯ ಮೇಲೆ ಹಾರಿ, ಹರಿಯುವ ನೀರನ್ನು ಮಾತ್ರ ಗುರುತು ಹಾಕಿ ಎಂದರೆ, ಗುಂಡಿಗಳಲ್ಲಿ ನಿಂತ ನೀರು ನಕ್ಷೆಯಲ್ಲಿ ಬರುವುದೇ ಇಲ್ಲ. ಹಾಗೆಂದು ನದಿ ಅಲ್ಲಿ ಮುಗಿಯಿತು ಅನ್ನೋಕಾಗುತ್ತಾ?

ನಾನು ಕಲಿಯುತ್ತಿದ್ದಾಗ ಹಾಗೆಯೇ ಅಂದಿದ್ದೆ. ಒಂದು ರಾತ್ರಿ ಡ್ಯೂಟಿಯಲ್ಲಿ, ಟೈಮ್ ಆಫ್ ಫ್ಲೈಟ್ ಚಿತ್ರದಲ್ಲಿ ಅರ್ಧ ಇಂಚು ಖಾಲಿ ಕಂಡಿತೆಂದು, ಸೈನಸ್ ಪೂರ್ತಿ ಮುಚ್ಚಿದೆ ಎಂದು ಬರೆದೆ. ಬೆಳಿಗ್ಗೆ ನನ್ನ ಮೇಲಿನವರು ಇಂಜೆಕ್ಷನ್ ಕೊಟ್ಟ ನಂತರದ ಚಿತ್ರಗಳನ್ನು ಪಕ್ಕದಲ್ಲಿಟ್ಟು ತೋರಿಸಿದರು. ಸೈನಸ್ ಕಿರಿದಾಗಿತ್ತು, ಮುಚ್ಚಿರಲಿಲ್ಲ. ಸರ್ಜನ್ ನನ್ನ ರಿಪೋರ್ಟ್ ನಂಬಿ ಆ ಭಾಗವನ್ನು ಕಟ್ಟಿ ಕತ್ತರಿಸಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಅಂದಿನಿಂದ ಒಂದೇ ಬಗೆಯ ಚಿತ್ರ ನೋಡಿ ಮುಚ್ಚಿದೆ ಎಂದು ಬರೆದಿಲ್ಲ.

ಎರಡನೆಯದು ಫೇಸ್ ಕಾಂಟ್ರಾಸ್ಟ್. ಇದಕ್ಕೂ ಇಂಜೆಕ್ಷನ್ ಬೇಡ. ಹೆಸರಲ್ಲಿ ಕಾಂಟ್ರಾಸ್ಟ್ ಇದೆ ಎಂದು ಹೆದರಬೇಡಿ. ಇದು ರಕ್ತದ ವೇಗವನ್ನೇ ಅಳೆದು ಚಿತ್ರ ಮಾಡುತ್ತದೆ. ಎಷ್ಟು ವೇಗವನ್ನು ಹುಡುಕಬೇಕು ಎಂದು ಟೆಕ್ನಿಷಿಯನ್ ಮೊದಲೇ ಹೇಳಬೇಕು. ವೇನ್‌ಗಳಿಗೆ ಸೆಕೆಂಡಿಗೆ 15 ಸೆಂ.ಮೀ. ಆಸುಪಾಸು ಇಡುವುದು ರೂಢಿ. ಆ ಅಂದಾಜು ತಪ್ಪಿದರೆ ಚಿತ್ರವೂ ತಪ್ಪುತ್ತದೆ.

ಮೂರನೆಯದು ಗ್ಯಾಡೊಲಿನಿಯಂ ಇಂಜೆಕ್ಷನ್ ಕೊಟ್ಟು ಮಾಡುವ ವೆನೋಗ್ರಾಮ್. ನೀರಿಗೆ ಬಣ್ಣ ಕಲಸಿದ ಹಾಗೆ. ನಿಂತಿರಲಿ, ಹರಿಯುತ್ತಿರಲಿ, ರಕ್ತ ಇರುವಲ್ಲೆಲ್ಲ ಬಣ್ಣ ಮುಟ್ಟುತ್ತದೆ. ಗಡ್ಡೆ ತಾಗಿರುವ ಸೈನಸ್‌ಗೆ ನನ್ನ ಆಯ್ಕೆ ಇದೇ. ಆದರೆ ಮೆನಿಂಜಿಯೋಮಾ ಕೂಡ ಈ ಔಷಧವನ್ನು ಹೀರಿ ಬೆಳ್ಳಗಾಗುತ್ತದೆ. ಮಿದುಳಿನ ರಕ್ತನಾಳಗಳಿಗೆ ಇರುವ ಕಾವಲು ಈ ಗಡ್ಡೆಯ ನಾಳಗಳಿಗೆ ಇರುವುದಿಲ್ಲ. ಬಿಳಿ ಗಡ್ಡೆ, ಪಕ್ಕದಲ್ಲಿ ಬಿಳಿ ಸೈನಸ್. ಎಲ್ಲಿ ಗಡ್ಡೆ ಮುಗಿದು ಎಲ್ಲಿ ರಕ್ತ ಶುರು ಎಂದು ಬಿಡಿಸಲು ತೆಳುವಾದ, ಒಂದು ಮಿಲಿಮೀಟರ್‌ನಷ್ಟು ದಪ್ಪದ ಪದರಗಳು ಬೇಕು. ಐದು ಮಿಲಿಮೀಟರ್ ಪದರಗಳಲ್ಲಿ ಇದು ಕಾಣುವುದಿಲ್ಲ.

ಇವಲ್ಲದೆ ಎಸ್‌ಡಬ್ಲ್ಯುಐ ಎಂಬುದಿದೆ. ಆಮ್ಲಜನಕ ಬಿಟ್ಟುಕೊಟ್ಟ ರಕ್ತ ಆಯಸ್ಕಾಂತದ ಮುಂದೆ ಸ್ವಲ್ಪ ಬೇರೆ ರೀತಿ ವರ್ತಿಸುತ್ತದೆ. ಅದರಿಂದ ತೀರಾ ಸಣ್ಣ ವೇನ್‌ಗಳೂ ಕಪ್ಪು ಗೆರೆಗಳಾಗಿ ಮೂಡುತ್ತವೆ, ಬಾಳೆಲೆಯ ನರಗಳ ಹಾಗೆ. ಗಡ್ಡೆಯ ಮೇಲೆ ಹಾದು ಹೋಗುವ ಸಣ್ಣ ವೇನ್ ಯಾವುದು ಎಂದು ಇದು ಹೇಳಬಲ್ಲದು. ಬುರುಡೆಯ ಗಾಳಿ ಪೊಳ್ಳುಗಳ ಹತ್ತಿರ ಮಾತ್ರ ಚಿತ್ರ ಕೆಡುತ್ತದೆ.

ಈ ನಕ್ಷೆಯಿಂದ ಸರ್ಜನ್‌ಗೆ ಏನು ಸಿಗುತ್ತದೆ? ಸೈನಸ್‌ನ ಉದ್ದವನ್ನು ಅವರು ಮೂರು ಪಾಲು ಮಾಡಿ ನೋಡುತ್ತಾರೆ. ಮುಂದಿನ ಪಾಲನ್ನು ಕಟ್ಟಿದರೆ ಸಾಮಾನ್ಯವಾಗಿ ಮಿದುಳು ತಡೆದುಕೊಳ್ಳುತ್ತದೆ. ನಡುವಿನದ್ದು, ಹಿಂದಿನದ್ದು ಹಾಗಲ್ಲ. ಕೈಕಾಲು ಆಡಿಸುವ ಭಾಗದ ವೇನ್‌ಗಳು ಬಂದು ಸೇರುವುದೇ ನಡುವಿನ ಪಾಲಿಗೆ. ನಿಮ್ಮ ಅಮ್ಮನ ಗಡ್ಡೆ ಇರುವುದು ಅಲ್ಲೇ.

ಇಲ್ಲೊಂದು ವಿಚಿತ್ರ ಇದೆ. ಸೈನಸ್ ಪೂರ್ತಿ ಮುಚ್ಚಿದೆ ಎಂದು ಬರೆದರೆ ಮನೆಯವರು ಕುಸಿದು ಕೂರುತ್ತಾರೆ. ಆದರೆ ಎಷ್ಟೋ ಸಲ ಅರ್ಧ ಮುಚ್ಚಿದ ಸೈನಸ್ ಸರ್ಜನ್‌ಗೆ ಜಾಸ್ತಿ ತಲೆನೋವು. ಗಡ್ಡೆ ವರ್ಷಗಟ್ಟಲೆ ಮೆಲ್ಲಗೆ ಒತ್ತಿ ಪೂರ್ತಿ ಮುಚ್ಚಿದ್ದರೆ, ಅಷ್ಟರಲ್ಲಿ ರಕ್ತ ಬೇರೆ ದಾರಿ ಹುಡುಕಿಕೊಂಡಿರುತ್ತದೆ. ಮಿದುಳಿನ ವೇನ್‌ಗಳಿಗೆ ಕವಾಟಗಳಿಲ್ಲ, ಬೇಕಾದರೆ ರಕ್ತ ಹಿಮ್ಮುಖವಾಗಿಯೂ ಹರಿಯುತ್ತದೆ. ಆಗ ಮುಚ್ಚಿದ ತುಂಡನ್ನು ಗಡ್ಡೆಯ ಜೊತೆ ತೆಗೆಯಲು ಬರಬಹುದು. ಅರ್ಧ ತೆರೆದಿದ್ದರೆ ಇನ್ನೂ ಅದರಲ್ಲೇ ರಕ್ತ ಹೋಗುತ್ತಿದೆ, ಬೇರೆ ದಾರಿ ತಯಾರಾಗಿಲ್ಲ. ಅದನ್ನು ಮುಟ್ಟುವ ಹಾಗಿಲ್ಲ.

ಆ ಬೇರೆ ದಾರಿಗಳು ಎಲ್ಲಿವೆ ಅನ್ನುವುದೂ ಮುಖ್ಯ. ಕೆಲವರಲ್ಲಿ ಅವು ಮಿದುಳಿನ ಹೊದಿಕೆಯಲ್ಲಿ, ಬುರುಡೆಯ ಮೂಳೆಯ ಒಳಗೆ, ನೆತ್ತಿಯ ಚರ್ಮದಲ್ಲೂ ಇರುತ್ತವೆ. ಅಂಥವರಲ್ಲಿ ಗಡ್ಡೆಗೆ ಕೈ ಹಾಕುವ ಮೊದಲೇ, ಚರ್ಮ ಕೊಯ್ಯುವಾಗ, ಮೂಳೆ ಎತ್ತುವಾಗ ದಾರಿ ಕಡಿದುಹೋಗಬಹುದು. ಅದಕ್ಕೇ ಎಲ್ಲಿ ಗೆರೆ ಹಾಕಬೇಕು ಎಂದು ವೆನೋಗ್ರಾಮ್ ನೋಡಿ ತೀರ್ಮಾನಿಸುತ್ತಾರೆ. ಎಂಆರ್‌ನಲ್ಲಿ ಅನುಮಾನ ಉಳಿದರೆ ತೊಡೆಯಿಂದ ಟ್ಯೂಬ್ ಹಾಕಿ ರಕ್ತನಾಳಗಳ ಎಕ್ಸ್‌ರೇ ತೆಗೆಯುವ ಡಿಎಸ್‌ಎ ಇದೆ. ಅದು ರಕ್ತ ಯಾವ ಕಡೆಗೆ ಹರಿಯುತ್ತದೆ ಎಂದು ಕ್ಷಣ ಕ್ಷಣವೂ ತೋರಿಸುತ್ತದೆ. ಆದರೆ ವಿಕಿರಣ, ಅಯೋಡಿನ್ ಔಷಧ, ಅಪರೂಪಕ್ಕೆ ಸ್ಟ್ರೋಕ್‌ನ ಅಪಾಯ ಇವೆಲ್ಲ ಇರುವುದರಿಂದ ಎಲ್ಲರಿಗೂ ಮಾಡುವುದಿಲ್ಲ.

ಈಗ ದುಡ್ಡಿನ ಮಾತು. ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಮೊದಲ ಸಲವೇ, ಅದೇ ಇಂಜೆಕ್ಷನ್‌ನಲ್ಲಿ, ವೆನೋಗ್ರಾಮ್ ಕೂಡ ಮಾಡಬಹುದಿತ್ತು. ಸಾಮಾನ್ಯವಾಗಿ ಆಗುವುದು ಇಷ್ಟು: ಚೀಟಿಯಲ್ಲಿ ಕಾಲು ಅದುರುವಿಕೆ ಎಂದಷ್ಟೇ ಬರೆದಿರುತ್ತದೆ, ನಿಗದಿ ಮಾಡಿದ ಚಿತ್ರಗಳನ್ನು ತೆಗೆದು ಕಳಿಸುತ್ತಾರೆ, ಸಂಜೆ ರಿಪೋರ್ಟ್ ಬರೆಯುವಾಗ ಸೈನಸ್ ವಿಷಯ ಗೊತ್ತಾಗುತ್ತದೆ. ಅಷ್ಟರಲ್ಲಿ ನೀವು ಕಾಪು ಬಸ್ಸು ಹತ್ತಿರುತ್ತೀರಿ. ಹಾಗಾಗಿ ಮೊದಲು ಹಳೆಯ ಸ್ಕ್ಯಾನಿನ ಸಿಡಿಯನ್ನು ಸರ್ಜನ್‌ಗೂ ರೇಡಿಯಾಲಜಿಸ್ಟ್‌ಗೂ ತೋರಿಸಿ. ಫಿಲ್ಮ್ ಅಲ್ಲ, ಸಿಡಿ. ನಮ್ಮ ಮಳೆಗಾಲದಲ್ಲಿ ಫಿಲ್ಮ್‌ಗಳು ಒಂದಕ್ಕೊಂದು ಅಂಟಿ ಹಪ್ಪಳದ ಕಟ್ಟಾಗುತ್ತವೆ, ಅದರಲ್ಲಿ ಅಳತೆಯೂ ಸರಿಯಾಗಿ ಸಿಗುವುದಿಲ್ಲ. ಇಂಜೆಕ್ಷನ್ ಕೊಟ್ಟ ನಂತರ ತೆಳು ಪದರದ ಚಿತ್ರಗಳನ್ನು ತೆಗೆದಿದ್ದರೆ ಸೈನಸ್ ಅದರಲ್ಲೇ ಚೆನ್ನಾಗಿ ಕಾಣಬಹುದು. ಆಗ ಇಂಜೆಕ್ಷನ್ ಇಲ್ಲದ ಸಣ್ಣ ಸ್ಕ್ಯಾನ್ ಸಾಕು ಎಂದೂ ಹೇಳಬಹುದು. ಹೊಸದಾಗಿ ಮಾಡುವುದಾದರೆ, ಆಪರೇಷನ್‌ನಲ್ಲಿ ದಾರಿ ತೋರಿಸುವ ನ್ಯಾವಿಗೇಶನ್‌ಗೆ ಬೇಕಾದ ಚಿತ್ರಗಳನ್ನೂ ಅದರಲ್ಲೇ ಸೇರಿಸಿ ಎಂದು ಕೇಳಿ. ಮೂರನೇ ಸಲ ಅಲೆಯುವುದು ತಪ್ಪುತ್ತದೆ. ಮೂರು ಟೆಸ್ಲಾ ಮೆಷಿನ್ನೇ ಬೇಕು ಎಂದು ಹುಡುಕಿಕೊಂಡು ಹೋಗಬೇಕಾಗಿಲ್ಲ. ಟೆಸ್ಲಾ ಅಂದರೆ ಆಯಸ್ಕಾಂತದ ಶಕ್ತಿಯ ಅಳತೆ. ಒಂದೂವರೆ ಟೆಸ್ಲಾದಲ್ಲಿ ಗಮನವಿಟ್ಟು ಮಾಡಿದರೆ ಸಾಕು.

ವಿಕಿರಣದ ಭಯ ಬೇಡ. ಅದು ಸಿಟಿ, ಡಿಎಸ್‌ಎಗಳಲ್ಲಿ ಇದೆ, ಎಂಆರ್‌ಐಯಲ್ಲಿ ಇಲ್ಲವೇ ಇಲ್ಲ.

ಕಿಡ್ನಿಯ ಪ್ರಶ್ನೆ ಒಳ್ಳೆಯದು. ಗ್ಯಾಡೊಲಿನಿಯಂನಿಂದ ಎನ್‌ಎಸ್‌ಎಫ್ ಎಂಬ, ಚರ್ಮ ಗಟ್ಟಿಯಾಗಿ ಕೀಲು ಬಿಗಿಯುವ ಕಾಯಿಲೆ ಬರುತ್ತದೆ ಎಂದು 2006ರಲ್ಲಿ ಗೊತ್ತಾಯಿತು. ಅದು ಬಂದದ್ದು ಕಿಡ್ನಿ ತೀರಾ ಸೋತವರಲ್ಲಿ, ಡಯಾಲಿಸಿಸ್‌ನಲ್ಲಿ ಇದ್ದವರಲ್ಲಿ, ಅದೂ ಬಹುಪಾಲು ಹಳೆಯ ಬಗೆಯ ಔಷಧಗಳಿಂದ. ಕ್ರಿಯಾಟಿನಿನ್ ಒಂದನ್ನೇ ನೋಡಬಾರದು. ವಯಸ್ಸು ಸೇರಿಸಿ, ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಹೇಳುವ ಇಜಿಎಫ್‌ಆರ್ ಲೆಕ್ಕ ಹಾಕಬೇಕು. 58 ವರ್ಷದ ಹೆಂಗಸಿಗೆ 1.3 ಅಂದರೆ ಇಜಿಎಫ್‌ಆರ್ ಸುಮಾರು 48. ನಾವು ಕೈ ತಡೆದು ಯೋಚಿಸುವುದು 30ಕ್ಕಿಂತ ಕೆಳಗೆ ಇಳಿದಾಗ. ಗ್ಯಾಡೊಲಿನಿಯಂ ಅನ್ನು ಬಿಗಿಯಾಗಿ ಹಿಡಿದಿಡುವ ಮ್ಯಾಕ್ರೋಸೈಕ್ಲಿಕ್ ಬಗೆಯ ಔಷಧವಾದರೆ ನಿಮ್ಮ ಅಮ್ಮನಿಗೆ ಕೊಡಲು ನಾನು ಹಿಂಜರಿಯುವುದಿಲ್ಲ. ಯಾವ ಬಗೆ ಎಂದು ಕೇಳಿ, ಹೇಳುತ್ತಾರೆ. ಇಂಜೆಕ್ಷನ್‌ನ ಸ್ವಲ್ಪ ಅಂಶ ದೇಹದಲ್ಲಿ, ಮಿದುಳಿನಲ್ಲೂ ಉಳಿಯುತ್ತದೆ ಎಂದು 2014ರ ನಂತರ ಗೊತ್ತಾಗಿದೆ. ಅದರಿಂದ ಮಿದುಳಿಗೆ ಕೇಡಾದದ್ದು ಕಂಡುಬಂದಿಲ್ಲ, ಆದರೂ ಬೇಡದೆ ಕೊಡಬಾರದು ಅನ್ನುವುದು ನಮ್ಮ ನಿಯಮ. ಶುಗರ್‌ನ ಮೆಟ್‌ಫಾರ್ಮಿನ್ ಮಾತ್ರೆಯನ್ನು ಇದಕ್ಕಾಗಿ ನಿಲ್ಲಿಸಬೇಕಾಗಿಲ್ಲ. ಆ ಎಚ್ಚರಿಕೆ ಸಿಟಿಯಲ್ಲಿ ಕೊಡುವ ಅಯೋಡಿನ್ ಔಷಧದ್ದು. ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಚಿಕಿತ್ಸೆಯ ದಾರಿಗಳಿಗೆ ಬರುತ್ತೇನೆ. ಚಿತ್ರ ನೋಡದೆ ಹೇಳುತ್ತಿದ್ದೇನೆ, ಕೊನೆಯ ಮಾತು ಸರ್ಜನ್‌ನದ್ದು.

ಕಾದು ನೋಡುವುದು ಒಂದು. ಯಾವ ತೊಂದರೆಯೂ ಇಲ್ಲದೆ ಅಚಾನಕ್ ಕಂಡ ಸಣ್ಣ ಗಡ್ಡೆಗೆ ಇದು ಒಳ್ಳೆಯ ದಾರಿ. ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸ್ಕ್ಯಾನ್. ನಿಮ್ಮ ಅಮ್ಮನಿಗೆ ಕಾಲು ಸೋಲುತ್ತಿದೆ, ಊತ ಇದೆ, ಫಿಟ್ಸ್ ಬಂದಿದೆ. ಕೆಲವು ವಾರ ಯೋಚಿಸಬಹುದು, ವರ್ಷಗಟ್ಟಲೆ ಕಾಯುವ ಗಡ್ಡೆ ಇದಲ್ಲ.

ಗಾಮಾ ನೈಫ್‌ನಲ್ಲಿ ನೈಫ್ ಇಲ್ಲ, ವಿಕಿರಣದ ಕಿರಣಗಳನ್ನು ಒಂದೇ ಬಿಂದುವಿಗೆ ಕೂಡಿಸುವ ಯಂತ್ರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಅದು ಗಡ್ಡೆಯನ್ನು ಕರಗಿಸಿಬಿಡುವುದಿಲ್ಲ, ಬಹುಪಾಲು ಬೆಳವಣಿಗೆ ನಿಲ್ಲಿಸುತ್ತದೆ, ಅದಕ್ಕೂ ತಿಂಗಳುಗಳು ಬೇಕು. ಸಾಮಾನ್ಯವಾಗಿ 3 ಸೆಂ.ಮೀ. ಒಳಗಿನ ಗಡ್ಡೆಗೆ ಸರಿ. ಅದಕ್ಕಿಂತ ಮುಖ್ಯವಾದದ್ದು, ನಡುಗೆರೆಯ ಪಕ್ಕದ ಗಡ್ಡೆಗಳಲ್ಲಿ ಕಿರಣ ಕೊಟ್ಟ ಮೇಲೆ ಊತ ಹೆಚ್ಚುವುದು ಉಳಿದ ಜಾಗಗಳಿಗಿಂತ ಜಾಸ್ತಿ. ಈಗಾಗಲೇ ಊತ ಇರುವ 3.4 ಸೆಂ.ಮೀ. ಗಡ್ಡೆಗೆ ಅದನ್ನೇ ಮೊದಲ ಚಿಕಿತ್ಸೆಯಾಗಿ ನಾನು ಸೂಚಿಸಲಾರೆ.

ಉಳಿದದ್ದು ಆಪರೇಷನ್. ಹಿಂದೆ ಪೂರ್ತಿ ತೆಗೆಯಲೇಬೇಕು ಅನ್ನುವ ಹಠ ಇತ್ತು. 1957ರಲ್ಲಿ ಡೊನಾಲ್ಡ್ ಸಿಂಪ್ಸನ್ ಅನ್ನುವ ಸರ್ಜನ್, ಎಷ್ಟು ಚೆನ್ನಾಗಿ ತೆಗೆದರೆ ಮತ್ತೆ ಬರುವುದು ಅಷ್ಟು ಕಡಿಮೆ ಎಂದು ಐದು ದರ್ಜೆಗಳ ಪಟ್ಟಿ ಮಾಡಿದರು. ಆ ಮಾತು ಇವತ್ತಿಗೂ ನಿಜ. ಆದರೆ ಸೈನಸ್ ತೆರೆದಿದ್ದರೆ, ಅದರ ಗೋಡೆಗೆ ಅಂಟಿದ ತೆಳು ಪದರವನ್ನು ಬೇಕೆಂದೇ ಬಿಟ್ಟು ಉಳಿದದ್ದನ್ನು ತೆಗೆಯುವುದು ಈಗ ರೂಢಿಯಲ್ಲಿದೆ. ಆಮೇಲೆ ವರ್ಷವರ್ಷ ಎಂಆರ್‌ಐ. ಬೆಳೆದರೆ ಆ ಸಣ್ಣ ಉಳಿಕೆಗೆ ಗಾಮಾ ನೈಫ್ ಸರಿಹೋಗುತ್ತದೆ. ಗಡ್ಡೆ ಬಿಟ್ಟುಬಂದರು ಎಂದು ಸರ್ಜನ್ ಮೇಲೆ ಸಿಟ್ಟಾಗುವವರನ್ನು ನೋಡಿದ್ದೇನೆ. ಬಿಟ್ಟದ್ದು ಸೋಲಲ್ಲ, ಕಾಲು ಉಳಿಸಲು ಮಾಡಿದ ಲೆಕ್ಕ. ಅಪಾಯಗಳು ಇಲ್ಲ ಅನ್ನಲಾರೆ: ವೇನ್ ಕಟ್ಟಿ ಊತ, ರಕ್ತಸ್ರಾವ, ಕಾಲಿನ ಶಕ್ತಿ ತಾತ್ಕಾಲಿಕವಾಗಿ ಅಥವಾ ಕಾಯಂ ಕುಗ್ಗುವುದು, ಫಿಟ್ಸ್, ಸೋಂಕು, ಕಾಲಿನ ನಾಳದಲ್ಲಿ ಹೆಪ್ಪು. ಸರ್ಜನ್ ಹತ್ತಿರ ಹೀಗೆ ಕೇಳಿ: ಸೈನಸ್ ಎಷ್ಟು ತೆರೆದಿದೆ? ಎಷ್ಟು ಗಡ್ಡೆ ಬಿಡುವ ಯೋಚನೆ ಇದೆ? ಇಂಥ ಜಾಗದ ಗಡ್ಡೆಗಳನ್ನು ನೀವು ಎಷ್ಟು ಮಾಡಿದ್ದೀರಿ? ಒಳ್ಳೆಯ ಸರ್ಜನ್ ಕೊನೆಯ ಪ್ರಶ್ನೆಗೆ ಬೇಸರ ಮಾಡುವುದಿಲ್ಲ.

ಅಲ್ಲಿಯವರೆಗೆ ಫಿಟ್ಸ್ ಮಾತ್ರೆ ಕೊಟ್ಟಿದ್ದರೆ ಒಂದು ಹೊತ್ತೂ ತಪ್ಪಿಸಬೇಡಿ. ಊತಕ್ಕೆ ಡೆಕ್ಸಾಮೆಥಸೋನ್ ಕೊಟ್ಟರೆ ಶುಗರ್ ಏರುತ್ತದೆ, ದಿನಾ ನೋಡಿಕೊಳ್ಳಿ. ಒಬ್ಬರೇ ಬಾವಿಯಿಂದ ನೀರು ಸೇದುವುದು, ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಿ ಸ್ನಾನ ಮಾಡುವುದು ಬೇಡ. ತಲೆನೋವು ಬಿಡದೆ ವಾಂತಿ, ಕಣ್ಣು ಮಂಜು, ತೂಕಡಿಕೆ, ಮತ್ತೆ ಮತ್ತೆ ಫಿಟ್ಸ್, ಇವುಗಳಲ್ಲಿ ಯಾವುದು ಬಂದರೂ ಸ್ಕ್ಯಾನಿನ ದಿನಾಂಕಕ್ಕೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ.

ಸ್ಕ್ಯಾನಿನ ದಿನ ಮೊಣಕಾಲಿನ ಆಪರೇಷನ್‌ನ ಕಾರ್ಡ್ ತನ್ನಿ. ಆ ಕೀಲಿನಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ನಮಗೆ ಭಯ ಇರುವುದು ಪೇಸ್‌ಮೇಕರ್, ಮಿದುಳಿನೊಳಗಿನ ಹಳೆಯ ಕ್ಲಿಪ್, ಕಣ್ಣಿಗೆ ಸಿಡಿದ ಕಬ್ಬಿಣದ ಚೂರು ಇಂಥವುಗಳದ್ದು. ಮಲ್ಪೆ ಕಡೆಯ ಬೋಟ್ ರಿಪೇರಿಯವರು ಬಂದರೆ ಕಣ್ಣಿಗೆ ಯಾವಾಗಲಾದರೂ ಚೂರು ಬಿದ್ದಿತ್ತಾ ಎಂದು ಎರಡೆರಡು ಸಲ ಕೇಳುತ್ತೇನೆ. ಒಂದೂವರೆ ಟೆಸ್ಲಾ ಅಂದರೆ ಭೂಮಿಯ ಆಯಸ್ಕಾಂತ ಶಕ್ತಿಯ 30,000 ಪಟ್ಟು. ಮುಕ್ಕಾಲು ಗಂಟೆ ಅಲುಗಾಡದೆ ಮಲಗಬೇಕು, ಒಳಗೆ ಚೆಂಡೆ ಬಾರಿಸಿದಷ್ಟು ಸದ್ದು, ಕಿವಿಗೆ ಹತ್ತಿ ಕೊಡುತ್ತಾರೆ. ಇದನ್ನೆಲ್ಲ ಅಮ್ಮನಿಗೆ ಮೊದಲೇ ಹೇಳಿ ಕರೆತನ್ನಿ. ಏನೂ ಹೇಳದೆ ಕರೆತಂದರೆ, ಒಳಗೆ ಮಲಗಿದವರು ಐದನೇ ನಿಮಿಷಕ್ಕೆ ಸಾಕು ಎಂದು ಬೆಲ್ ಒತ್ತುತ್ತಾರೆ.

ಮುಡಿಯ ಮಲ್ಲಿಗೆಯಿಂದ ಮೆಷಿನ್ನಿಗೆ ಏನೂ ಆಗುವುದಿಲ್ಲ, ಅದನ್ನು ಸಿಕ್ಕಿಸಿದ ಪಿನ್ನಿಂದ ಆಗುತ್ತದೆ. ಸೊಂಟದ ತಾಯತವನ್ನೂ ಮರೆಯಬೇಡಿ. ಕರಿಮಣಿ ತೆಗೆಯಿರಿ ಎಂದಾಗ ಅತ್ತವರನ್ನು ನೋಡಿದ್ದೇನೆ. ನಿಮ್ಮ ಅಮ್ಮನಿಗೂ ಹಾಗನಿಸಿದರೆ ಅಂದು ಬೆಳಿಗ್ಗೆ ಅರಿಶಿನ ಹಚ್ಚಿದ ನೂಲು ಕಟ್ಟಿಕೊಂಡು ಬರಲಿ. ಬರೀ ನೂಲಾದರೆ ನಮ್ಮ ಮೆಷಿನ್ನಿನದ್ದು ಏನೂ ತಕರಾರಿಲ್ಲ.